ಸಾಬೂನನ್ನು ಬಿಡಿಸಿ ನೋಡಿದ ಷೆವ್ರೋಲ್

ಮಕ್ಕಳೇ, ನಿಮ್ಮ ಮನೆಯಲ್ಲಿ ಸ್ನಾನದ ಸೋಪಿನ ಖಾಲಿ ಹೊದಿಕೆ ಇದ್ದರೆ ಅದನ್ನೊಮ್ಮೆ ತಿರುಗಿಸಿ ನೋಡಿ. ಬೆಲೆ, ತೂಕ, ತಯಾರಾದ ತಿಂಗಳು ಇವುಗಳ ನಡುವೆ ಸಣ್ಣ ಅಕ್ಷರಗಳಲ್ಲಿ ಟಿಎಫ್‌ಎಂ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ 60, 70, 76 ಎಂಬಂತಹ ಒಂದು ಸಂಖ್ಯೆ ಮತ್ತು ಶೇಕಡಾ ಚಿಹ್ನೆ ಇರುತ್ತದೆ. ಆ ಸೋಪಿನಲ್ಲಿ ಒಟ್ಟು ಎಷ್ಟು ಭಾಗ ಕೊಬ್ಬಿನಾಮ್ಲ ಇದೆ ಎಂಬುದನ್ನು ಅದು ತಿಳಿಸುತ್ತದೆ. ಸಂಖ್ಯೆ ಹೆಚ್ಚಿದ್ದಷ್ಟೂ ಅದರಲ್ಲಿ ನಿಜವಾದ ಸೋಪು ಹೆಚ್ಚು, ತುಂಬಿಸಿದ ಬೇರೆ ಪದಾರ್ಥ ಕಡಿಮೆ.

ಸೋಪನ್ನು ಒಳಗೆ ಹೊರಗೆ ಎಲ್ಲಿ ಕೊಯ್ದು ನೋಡಿದರೂ ಒಂದೇ ತರಹ ಕಾಣುತ್ತದೆ. ಹಾಗಿದ್ದ ಮೇಲೆ ಅದರೊಳಗಿನ ಕೊಬ್ಬಿನಾಮ್ಲವನ್ನು ಹೊರತೆಗೆದು ತೂಗುವುದು ಹೇಗೆ?

ಇದನ್ನು ನೀವೇ ಮಾಡಿ ನೋಡಬಹುದು. ಸ್ನಾನದ ಸೋಪನ್ನು ಹೆರೆದು ಒಂದು ಚಮಚ ಚೂರು ಮಾಡಿಕೊಳ್ಳಿ. ಅರ್ಧ ಲೋಟ ಬಿಸಿನೀರಿಗೆ ಹಾಕಿ, ಪೂರ್ತಿ ಕರಗುವವರೆಗೆ ಕದಡಿ. (ಬಿಸಿನೀರಿನ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ.) ಈಗ ಒಂದು ನಿಂಬೆಹಣ್ಣನ್ನು ಹಿಂಡಿ. ನೊರೆ ಅಡಗುತ್ತದೆ. ಒಡೆದ ಹಾಲಿನಂತೆ ಬಿಳಿ ಗಟ್ಟೆಗಳು ಮೂಡಿ ನಿಧಾನವಾಗಿ ಮೇಲೆ ತೇಲುತ್ತವೆ. ಒಂದು ನಿಂಬೆ ಸಾಲದಿದ್ದರೆ ಇನ್ನರ್ಧ ಹಿಂಡಿ. ಆ ಗಟ್ಟೆಯನ್ನು ಬೆರಳಿಗೆ ಮುಟ್ಟಿಸಿಕೊಂಡರೆ ಜಿಡ್ಡು. ಅದೇ ಕೊಬ್ಬಿನಾಮ್ಲ. ಬಳಿಕ ಇನ್ನೊಂದು ಲೋಟದಲ್ಲಿ ಶಾಂಪೂ ಕಲಸಿದ ನೀರಿಗೆ ನಿಂಬೆರಸ ಹಿಂಡಿ ನೋಡಿ. ಅಲ್ಲಿ ಹೀಗೆ ಗಟ್ಟೆ ಕಟ್ಟುವುದಿಲ್ಲ, ನೊರೆಯೂ ಹಾಗೆಯೇ ಉಳಿಯುತ್ತದೆ. ಶಾಂಪೂವಿನ ಕೊಳೆ ತೆಗೆಯುವ ಪದಾರ್ಥ ಬೇರೆ ಜಾತಿಯದು, ನಿಂಬೆಯ ಹುಳಿಗೆ ಅದು ಜಗ್ಗುವುದಿಲ್ಲ.

ನಿಮ್ಮ ಲೋಟದಲ್ಲಿ ತೇಲಿದ ಆ ಬಿಳಿ ಗಟ್ಟೆಯ ಹಿಂದೆ ಒಬ್ಬ ವಿಜ್ಞಾನಿಯ ಹತ್ತು ವರ್ಷಗಳಿಗೂ ಮೀರಿದ ದುಡಿಮೆ ಇದೆ. ಅವರ ಹೆಸರು ಮಿಶೆಲ್ ಯೂಜೀನ್ ಷೆವ್ರೋಲ್.

ಷೆವ್ರೋಲ್ ಹುಟ್ಟಿದ್ದು 1786ರ ಆಗಸ್ಟ್ 31ರಂದು, ಫ್ರಾನ್ಸ್ ದೇಶದ ಆಂಜೆ ಎಂಬ ಊರಿನಲ್ಲಿ. ತಂದೆ ವೈದ್ಯರು. ತಂದೆ ತಾಯಿ ಇಬ್ಬರೂ ತೊಂಬತ್ತು ದಾಟಿ ಬದುಕಿದವರು. ಈ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಹುಡುಗನಿಗೆ ಮೂರು ವರ್ಷ ತುಂಬುವ ಮೊದಲೇ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಶುರುವಾಯಿತು. ಆ ಗಲಭೆಯ ಕಾಲದಲ್ಲಿ ಹಳೆಯ ಶಾಲೆಗಳು ಮುಚ್ಚಿಹೋದವು. ಬಾಲಕ ಷೆವ್ರೋಲ್ ಮನೆಯಲ್ಲೇ ಪಾಠ ಹೇಳಿಸಿಕೊಳ್ಳಬೇಕಾಯಿತು. 1799ರಲ್ಲಿ ಊರಿನಲ್ಲಿ ತೆರೆದಿದ್ದ ಹೊಸ ಮಾದರಿಯ ಶಾಲೆಗೆ ಸೇರಿದ ಮೇಲೆಯೇ ರಸಾಯನ ವಿಜ್ಞಾನದ ಪರಿಚಯವಾದದ್ದು.

1803ರಲ್ಲಿ, ಹದಿನೇಳು ವರ್ಷದ ಷೆವ್ರೋಲ್ ಪ್ಯಾರಿಸ್ಸಿಗೆ ಹೊರಟರು. ಅಲ್ಲಿನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿ ವೋಕ್ಲೆನ್ ಎಂಬ ರಸಾಯನ ವಿಜ್ಞಾನಿ ಇದ್ದರು. ಕ್ರೋಮಿಯಂ ಧಾತುವನ್ನು ಕಂಡುಹಿಡಿದವರು ಅವರೇ. ಅವರ ಪ್ರಯೋಗಾಲಯದಲ್ಲಿ ಷೆವ್ರೋಲ್ ಕೆಲಸಕ್ಕೆ ಸೇರಿದರು. ಸಂಗ್ರಹಾಲಯ ಎಂದರೆ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿಟ್ಟ ಜಾಗ ಮಾತ್ರ ಎಂದು ತಿಳಿಯಬೇಡಿ. ಅಲ್ಲಿ ದೊಡ್ಡ ಸಸ್ಯತೋಟ, ಪ್ರಯೋಗಾಲಯ, ಪಾಠದ ಕೋಣೆ ಎಲ್ಲವೂ ಇದ್ದವು. ಹದಿನೇಳಕ್ಕೆ ಅಲ್ಲಿಗೆ ಬಂದ ಹುಡುಗನ ನಂಟು ಆ ಆವರಣದೊಂದಿಗೆ ಕೊನೆಯ ಉಸಿರಿನವರೆಗೂ ಉಳಿಯಿತು.

ಆ ಕಾಲದಲ್ಲಿ ಸಸ್ಯ ಮತ್ತು ಪ್ರಾಣಿಗಳಿಂದ ದೊರೆಯುವ ವಸ್ತುಗಳನ್ನು ಪರೀಕ್ಷಿಸುವ ರೀತಿ ಹೇಗಿತ್ತು ಗೊತ್ತೇ? ಬಹುಮಟ್ಟಿಗೆ ಅವನ್ನು ಬೆಂಕಿಗೆ ಒಡ್ಡುವುದು. ಕೊಬ್ಬನ್ನೋ ಎಲೆಯನ್ನೋ ಪಾತ್ರೆಯಲ್ಲಿಟ್ಟು ಕಾಯಿಸಿ, ಬಂದ ಹೊಗೆಯನ್ನು ತಣಿಸಿ, ಉಳಿದ ಕರಿಯನ್ನು ತೂಗುತ್ತಿದ್ದರು. ಮನೆಯೊಳಗೆ ಏನೇನಿದೆ ಎಂದು ತಿಳಿಯಲು ಮನೆಗೇ ಬೆಂಕಿ ಹಚ್ಚಿ ಬೂದಿ ಕೆದಕಿದ ಹಾಗೆ! ಷೆವ್ರೋಲ್‌ಗೆ ಇದು ಸರಿ ಕಾಣಲಿಲ್ಲ. ಕೆಡಿಸದೆ ಬೇರ್ಪಡಿಸಬೇಕು. ನೀರು, ಮದ್ಯಸಾರ, ಹದವಾದ ಆಮ್ಲ ಇವುಗಳಿಂದ ಒಂದೊಂದನ್ನೇ ಮೆಲ್ಲಗೆ ಹೊರಗೆ ಕರೆಯಬೇಕು. ಇದು ಅವರು ಹಿಡಿದ ದಾರಿ.

1811ರಲ್ಲಿ ಅವರ ಮೇಜಿಗೆ ಒಂದು ಸಾಬೂನಿನ ಮಾದರಿ ಬಂತು. ಹಂದಿಯ ಕೊಬ್ಬನ್ನು ಪೊಟ್ಯಾಷ್ ಎಂಬ ಕ್ಷಾರದೊಂದಿಗೆ ಕುದಿಸಿ ಮಾಡಿದ ಮೆತ್ತನೆಯ ಸಾಬೂನು ಅದು. ಸಾಬೂನು ಮಾಡುವುದು ಜನರಿಗೆ ಆಗಲೇ ಸಾವಿರಾರು ವರ್ಷಗಳಿಂದ ಗೊತ್ತಿತ್ತು. ಬೂದಿಯ ತಿಳಿನೀರಿನಲ್ಲಿ ಕೊಬ್ಬನ್ನೋ ಎಣ್ಣೆಯನ್ನೋ ಕುದಿಸಿದರೆ ಸಾಬೂನು. ಆದರೆ ಒಳಗೆ ನಡೆಯುವುದೇನು ಎಂದು ಯಾರಿಗೂ ಸ್ಪಷ್ಟವಿರಲಿಲ್ಲ. ಕೊಬ್ಬು ಹೋಗಿ ಕ್ಷಾರಕ್ಕೆ ಹಾಗೆಯೇ ಅಂಟಿಕೊಳ್ಳುತ್ತದೆ, ಅಷ್ಟೇ ಎಂದು ಬಹಳ ಜನ ನಂಬಿದ್ದರು.

ಷೆವ್ರೋಲ್ ಆ ಸಾಬೂನನ್ನು ಬಹಳ ನೀರಿನಲ್ಲಿ ಕಲಸಿದರು. ಒಂದು ಭಾಗ ಕರಗಿತು. ಇನ್ನೊಂದು ಭಾಗ ಮುತ್ತಿನ ಹಾಗೆ ಮಿನುಗುವ ಪದಾರ್ಥವಾಗಿ ತಳಕ್ಕೆ ಇಳಿಯಿತು. ಅದನ್ನು ಸೋಸಿ ತೆಗೆದು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರು. ನೀವು ನಿಂಬೆರಸ ಹಿಂಡಿದಿರಲ್ಲ, ಅದೇ ಕೆಲಸ! ಕ್ಷಾರ ಬಿಟ್ಟುಹೋಯಿತು, ಬಿಳಿಯ ಜಿಡ್ಡು ಪದಾರ್ಥ ಬೇರೆಯಾಯಿತು. ಅದನ್ನು ಬಿಸಿ ಮದ್ಯಸಾರದಲ್ಲಿ ಕರಗಿಸಿ ತಣಿಸಿದಾಗ ಹೊಳೆಯುವ ಹರಳುಗಳು ಕಟ್ಟಿದವು. ಅಚ್ಚರಿಯೆಂದರೆ, ಕೊಬ್ಬಿನಂತೆ ಕಾಣುವ ಈ ಹರಳುಗಳಿಗೆ ಆಮ್ಲದ ಗುಣವಿತ್ತು. ಮುತ್ತಿಗೆ ಗ್ರೀಕ್ ಭಾಷೆಯಲ್ಲಿರುವ ಪದದಿಂದ ಅದಕ್ಕೆ ಹೆಸರಿಟ್ಟರು. ಮುಂದೆ ಅದು ಮಾರ್ಗರಿಕ್ ಆಮ್ಲ ಎನಿಸಿಕೊಂಡಿತು.

ಈ ಮೊದಲ ಹೆಜ್ಜೆಯನ್ನು ಅವರು 1813ರಲ್ಲಿ ಪ್ರಕಟಿಸಿದರು. ಅಲ್ಲಿಗೆ ಸುಮ್ಮನಾಗಲಿಲ್ಲ. ಹಂದಿ, ಕುರಿ, ದನಗಳ ಕೊಬ್ಬು, ಬೆಣ್ಣೆ, ಕಡಲಹಂದಿಯ ಎಣ್ಣೆ ಹೀಗೆ ಒಂದಾದ ಮೇಲೊಂದನ್ನು ಸಾಬೂನು ಮಾಡುವುದು, ಆಮ್ಲ ಹಾಕಿ ಬಿಡಿಸುವುದು, ಹರಳು ಕಟ್ಟಿಸುವುದು, ಪುನಃ ಕರಗಿಸಿ ಹರಳು ಕಟ್ಟಿಸುವುದು. ಈಗಿನ ಹಾಗೆ ವಾಸನೆ ಹೊರಗೆಳೆಯುವ ಫ್ಯಾನು ಆಗ ಇರಲಿಲ್ಲ. ಹಳಸಿದ ಬೆಣ್ಣೆಯ ವಾಸನೆ ನಿಮಗೆ ಗೊತ್ತಲ್ಲ? ಆ ವಾಸನೆಗೆ ಕಾರಣವಾದ ಬ್ಯುಟಿರಿಕ್ ಆಮ್ಲವನ್ನು ಬೆಣ್ಣೆಯಿಂದ ಬೇರ್ಪಡಿಸಿದವರು ಇವರೇ. ದನದ ಕೊಬ್ಬಿನಲ್ಲಿ ಹೆಚ್ಚಾಗಿರುವ ಗಟ್ಟಿಯಾದ ಸ್ಟಿಯರಿಕ್ ಆಮ್ಲ, ಎಣ್ಣೆಯಂತೆ ಹರಿಯುವ ಒಲಿಯಿಕ್ ಆಮ್ಲ, ಇವೂ ಅವರ ಪಾತ್ರೆಗಳಿಂದಲೇ ಬಂದವು.

ಅವರು ಕೇವಲ ಬೇರ್ಪಡಿಸಲಿಲ್ಲ, ಪ್ರತಿಯೊಂದನ್ನೂ ತೂಗಿದರು. ಸಾಬೂನಿನಿಂದ ಆಮ್ಲ ತೆಗೆದ ಮೇಲೆ ಉಳಿದ ನೀರಿನಲ್ಲಿ ಸಿಹಿಯಾದ, ಮಂದವಾದ ಒಂದು ದ್ರವ ಸಿಗುತ್ತಿತ್ತು. ಸ್ವೀಡನ್ನಿನ ಶೀಲೆ 18ನೆಯ ಶತಮಾನದಲ್ಲೇ ಅದನ್ನು ಗುರುತಿಸಿದ್ದರು. ಷೆವ್ರೋಲ್ ಅದಕ್ಕೆ ಗ್ಲಿಸರಿನ್ ಎಂದು ಹೆಸರಿಟ್ಟರು. ಕೊಬ್ಬಿನಾಮ್ಲವನ್ನೂ ಗ್ಲಿಸರಿನ್ನನ್ನೂ ಕೂಡಿಸಿ ನೋಡಿದರೆ ಒಂದು ವಿಚಿತ್ರ! ನೂರು ಭಾಗ ಕೊಬ್ಬು ತೆಗೆದುಕೊಂಡಿದ್ದರೆ ಕೂಡಿಸಿದ ಲೆಕ್ಕ ನೂರಕ್ಕಿಂತ ತುಸು ಹೆಚ್ಚು ಬರುತ್ತಿತ್ತು. ನಾವಾದರೆ ತಕ್ಕಡಿ ಸರಿಯಿಲ್ಲ ಎನ್ನುತ್ತಿದ್ದೆವೇನೋ. ಷೆವ್ರೋಲ್ ತಕ್ಕಡಿಯನ್ನು ನಂಬಿದರು. ಹೆಚ್ಚಾದ ತೂಕ ನೀರಿನದು, ಕೊಬ್ಬು ಒಡೆಯುವಾಗ ನೀರು ಅದರೊಳಗೆ ಸೇರಿಕೊಳ್ಳುತ್ತದೆ ಎಂದು ಕಂಡುಕೊಂಡರು. ಹೀಗಾಗಿ ಸಾಬೂನು ಕೊಬ್ಬು ಮತ್ತು ಕ್ಷಾರದ ಅಂಟಲ್ಲ. ಕೊಬ್ಬು ಮೊದಲು ಆಮ್ಲ ಮತ್ತು ಗ್ಲಿಸರಿನ್ ಆಗಿ ಒಡೆಯುತ್ತದೆ. ಆ ಆಮ್ಲ ಕ್ಷಾರದೊಂದಿಗೆ ಕೂಡಿ ಆಗುವ ಲವಣವೇ ಸಾಬೂನು. ಹೌದು ಮಕ್ಕಳೇ, ಅಡುಗೆ ಉಪ್ಪು ಹೇಗೆ ಒಂದು ಲವಣವೋ ಸಾಬೂನೂ ಹಾಗೆಯೇ ಒಂದು ಲವಣ.

ಈ ಲವಣದ ಕಣ ಒಂದು ಗೊದಮೊಟ್ಟೆಯ ಹಾಗೆ. ಅದರ ತಲೆಗೆ ನೀರು ಇಷ್ಟ. ಉದ್ದ ಬಾಲಕ್ಕೆ ಜಿಡ್ಡು ಇಷ್ಟ. ಬಾಲ ಕೊಳೆಯ ಜಿಡ್ಡಿನಲ್ಲಿ ನೆಡುತ್ತದೆ, ತಲೆ ನೀರಿನ ಕಡೆಗಿರುತ್ತದೆ, ತೊಳೆದಾಗ ಕೊಳೆ ನೀರಿನೊಂದಿಗೆ ಹೊರಟುಹೋಗುತ್ತದೆ. ಹೀಗೆ ಎರಡು ಸ್ವಭಾವ ಇರುವ ವಸ್ತುಗಳಿಗೆ ಈಗ ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ. ಸೋಪು, ಶಾಂಪೂ, ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಎಲ್ಲದರಲ್ಲೂ ಇರುವುದು ಇಂತಹವೇ. ತಲೆ ಬಾಲಗಳ ಈ ಕಥೆ ತಿಳಿದದ್ದು ಷೆವ್ರೋಲ್‌ರ ನಂತರ ಬಂದವರಿಂದ. ಆದರೆ ಸೋಪಿನ ಬಾಲದ ಭಾಗವನ್ನು ಮೊದಲು ಬಿಡಿಸಿ ಕೈಯಲ್ಲಿ ಹಿಡಿದವರು ಅವರು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ನೀವು ಒಂದು ವಸ್ತುವನ್ನು ಬೇರ್ಪಡಿಸಿದ್ದೀರಿ. ಅದು ಒಂದೇ ವಸ್ತುವೋ, ಎರಡು ವಸ್ತುಗಳು ಕೂಡಿಕೊಂಡಿವೆಯೋ ಎಂದು ತಿಳಿಯುವುದು ಹೇಗೆ? ಎರಡೂ ಬಿಳಿ, ಎರಡೂ ಜಿಡ್ಡು. ಕಣ್ಣಿಗೆ ವ್ಯತ್ಯಾಸವಿಲ್ಲ. ಇದಕ್ಕೆ ಷೆವ್ರೋಲ್ ಬಳಸಿದ ಸಾಧನ ಒಂದು ಥರ್ಮಾಮೀಟರ್. ಶುದ್ಧ ವಸ್ತು ಕಾಯಿಸಿದಾಗ ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಕರಗುತ್ತದೆ. ಬೆರಕೆ ಇದ್ದರೆ ಮೊದಲೇ ಮೆತ್ತಗಾಗಿ, ಎಳೆದಾಡಿಕೊಂಡು ಕರಗುತ್ತದೆ. ಹರಳು ಕಟ್ಟಿಸಿ ಕರಗುವ ಬಿಂದು ನೋಡುವುದು, ಪುನಃ ಹರಳು ಕಟ್ಟಿಸಿ ನೋಡುವುದು. ಮತ್ತೆ ಮತ್ತೆ ಮಾಡಿದರೂ ಕರಗುವ ಬಿಂದು ಬದಲಾಗದಿದ್ದರೆ ಅದು ಶುದ್ಧ. ಈ ಕ್ರಮವನ್ನು ಇಂದಿಗೂ ಕಾಲೇಜುಗಳಲ್ಲಿ ಕಲಿಸುತ್ತಾರೆ. ನಾನು ಓದುವಾಗ ಬೆನ್ಜೋಯಿಕ್ ಆಮ್ಲದ ಹರಳು ಮಾಡಿ, ಹೊಳಪು ನೋಡಿಯೇ ಹಿಗ್ಗಿ, ಸರಿಯಾಗಿ ಒಣಗಿಸದೆ ಪರೀಕ್ಷೆಗೆ ಇಟ್ಟಿದ್ದೆ. 122 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಬೇಕಾದದ್ದು 115ಕ್ಕೇ ನೀರಾಯಿತು. ಮೂರು ಗಂಟೆಯ ಕೆಲಸ ಮೊದಲಿನಿಂದ!

ಈ ಉಪಾಯದಿಂದ ಷೆವ್ರೋಲ್ ಒಂದು ದೊಡ್ಡ ಗೊಂದಲ ಬಿಡಿಸಿದರು. ಮನುಷ್ಯರ ಪಿತ್ತಕೋಶದ ಕಲ್ಲಿನಲ್ಲಿರುವ ಬಿಳಿ ಪದಾರ್ಥ, ತಿಮಿಂಗಿಲದ ತಲೆಯಿಂದ ದೊರೆಯುವ ಮೇಣ, ನೆಲದಲ್ಲಿ ಹೂತ ಶವಗಳಲ್ಲಿ ಉಂಟಾಗುವ ಮೇಣದಂತಹ ವಸ್ತು, ಈ ಮೂರೂ ಒಂದೇ ಎಂದು ಫೂರ್ಕ್‌ರ್ವಾ ಎಂಬ ಹೆಸರಾಂತ ವಿಜ್ಞಾನಿ ಹೇಳಿದ್ದರು. ಷೆವ್ರೋಲ್ ಮೂರನ್ನೂ ಕ್ಷಾರದಲ್ಲಿ ಕುದಿಸಿ ನೋಡಿದರು. ಪಿತ್ತದ ಕಲ್ಲಿನ ಪದಾರ್ಥ ಸಾಬೂನಾಗಲೇ ಇಲ್ಲ. ತಿಮಿಂಗಿಲದ ಮೇಣ 50 ಡಿಗ್ರಿಯೊಳಗೇ ಕರಗಿದರೆ ಇದು ನೂರು ದಾಟಿದರೂ ಅಲುಗಲಿಲ್ಲ. ಗ್ರೀಕ್ ಭಾಷೆಯ ಪಿತ್ತ ಮತ್ತು ಘನ ಎಂಬ ಪದಗಳನ್ನು ಜೋಡಿಸಿ ಅವರು ಇದಕ್ಕೊಂದು ಹೆಸರು ಕೊಟ್ಟರು. ನಿಮ್ಮ ಅಜ್ಜ ಅಜ್ಜಿಯರ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಕೊಲೆಸ್ಟ್ರಾಲ್ ಅದೇ.

ಆದರೆ ಅದೇ ಉಪಾಯ ಅವರಿಗೆ ಒಮ್ಮೆ ಕೈಕೊಟ್ಟಿತು. ಮೊಟ್ಟಮೊದಲು ಕಂಡುಹಿಡಿದ ಆ ಮುತ್ತಿನಂತಹ ಮಾರ್ಗರಿಕ್ ಆಮ್ಲ ನೆನಪಿದೆಯೇ? ಅದು ಒಂದೇ ವಸ್ತು ಆಗಿರಲಿಲ್ಲ. 1850ರ ದಶಕದಲ್ಲಿ ಜರ್ಮನಿಯ ಹೈನ್ಟ್ಸ್ ಅದನ್ನು ಹಂತಹಂತವಾಗಿ ಬೇರ್ಪಡಿಸಿ, ಅದು ಸ್ಟಿಯರಿಕ್ ಆಮ್ಲ ಮತ್ತು ಪಾಮಿಟಿಕ್ ಆಮ್ಲಗಳ ಬೆರಕೆ ಎಂದು ತೋರಿಸಿದರು. ಶುದ್ಧ ಸ್ಟಿಯರಿಕ್ ಆಮ್ಲ ಸುಮಾರು 69 ಡಿಗ್ರಿಗೆ, ಪಾಮಿಟಿಕ್ ಆಮ್ಲ ಸುಮಾರು 63 ಡಿಗ್ರಿಗೆ ಕರಗುತ್ತದೆ. ಎರಡನ್ನೂ ಒಂದು ಹದದಲ್ಲಿ ಬೆರೆಸಿದರೆ ಅವು ಒಟ್ಟಿಗೇ ಹರಳು ಕಟ್ಟುತ್ತವೆ, ಎರಡಕ್ಕಿಂತಲೂ ಕಡಿಮೆ ಉಷ್ಣತೆಯಲ್ಲಿ ಕರಗುತ್ತವೆ. ಎಷ್ಟು ಸಲ ಕರಗಿಸಿ ಹರಳು ಮಾಡಿದರೂ ಜೋಡಿ ಸುಲಭಕ್ಕೆ ಬಿಡುವುದಿಲ್ಲ. ಅಷ್ಟು ಎಚ್ಚರದ ಮನುಷ್ಯ, ತಾನೇ ರೂಪಿಸಿದ ಪರೀಕ್ಷೆ, ಆದರೂ ಸಿಕ್ಕಿಬಿದ್ದರು. ಆಗ ಷೆವ್ರೋಲ್‌ಗೆ ಅರವತ್ತು ದಾಟಿತ್ತು. ನನಗೆ ಅವರ ಜೀವನದಲ್ಲಿ ಅತಿ ಹೆಚ್ಚು ಹಿಡಿಸುವ ಘಟನೆ ಇದು. ಉಳಿದ ಆಮ್ಲಗಳೆಲ್ಲ ಒಂದೊಂದಾಗಿ ಪರೀಕ್ಷೆಯಲ್ಲಿ ಗೆದ್ದವು ಎಂಬುದು ಎಷ್ಟು ದೊಡ್ಡ ವಿಷಯ ಎಂದು ತಿಳಿಯುವುದು ಈ ಒಂದು ಸೋತಾಗಲೇ. ಆ ತಪ್ಪು ಹೆಸರು ಮಾತ್ರ ಉಳಿದುಬಿಟ್ಟಿತು. 1869ರಲ್ಲಿ ಫ್ರಾನ್ಸಿನ ಮೆಜ್ ಮೂರಿಯೇ ಬೆಣ್ಣೆಗೆ ಬದಲಾಗಿ ಮಾಡಿದ ಪದಾರ್ಥಕ್ಕೆ ಮಾರ್ಗರೀನ್ ಎಂದು ಕರೆದರು. ಇಂದಿಗೂ ಬೇಕರಿಗಳಲ್ಲಿ ಬಳಸುವ ಮಾರ್ಗರೀನ್ ಅದೇ ಹೆಸರು ಹೊತ್ತಿದೆ.

1823ರಲ್ಲಿ ಷೆವ್ರೋಲ್ ಈ ಎಲ್ಲ ಕೆಲಸವನ್ನು ಒಂದು ಗ್ರಂಥವಾಗಿ ಹೊರತಂದರು. ಸೋಪು ಪರೀಕ್ಷಿಸುವ ಇಂದಿನ ಪ್ರಯೋಗಾಲಯಗಳು ನಡೆಯುವುದು ಬಹುತೇಕ ಅದೇ ಹಾದಿಯಲ್ಲಿ. ತೂಗಿದ ಸೋಪನ್ನು ಬಿಸಿನೀರಿನಲ್ಲಿ ಕರಗಿಸಿ ಆಮ್ಲ ಹಾಕುತ್ತಾರೆ. ಮೇಲೆ ಬಂದ ಕೊಬ್ಬಿನಾಮ್ಲವನ್ನು ಈಥರ್‌ನಂತಹ ದ್ರಾವಕದಲ್ಲಿ ಎಳೆದುಕೊಳ್ಳುತ್ತಾರೆ. ದ್ರಾವಕವನ್ನು ಆವಿ ಮಾಡಿ ಉಳಿದದ್ದನ್ನು ತೂಗುತ್ತಾರೆ. ಹೊದಿಕೆಯ ಮೇಲಿನ ಟಿಎಫ್‌ಎಂ ಸಂಖ್ಯೆ ಸಿಕ್ಕಿತು! ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸೋಪಿನಲ್ಲಿ ಇದು ಶೇ. 76ಕ್ಕಿಂತ ಕಡಿಮೆ ಇರಬಾರದು. ಬಟ್ಟೆ ಪುಡಿಯಲ್ಲಿ ಸರ್ಫ್ಯಾಕ್ಟೆಂಟಿನ ಜೊತೆಗೆ ಸೋಡಾ ಮತ್ತಿತರ ಲವಣಗಳು ಇರುತ್ತವೆ. ಅದನ್ನು ಬಿಸಿ ಮದ್ಯಸಾರದಲ್ಲಿ ಕಲಕಿದರೆ ಸರ್ಫ್ಯಾಕ್ಟೆಂಟ್ ಕರಗಿ ಬರುತ್ತದೆ, ಸೋಡಾ ತಳದಲ್ಲಿ ಉಳಿಯುತ್ತದೆ. ಸೋಸಿ, ಒಣಗಿಸಿ, ತೂಗಿದರಾಯಿತು. ಕರಗಿ ಬಂದದ್ದರಲ್ಲಿ ನಾಲ್ಕಾರು ಬಗೆಯವು ಬೆರೆತಿದ್ದರೆ ಅವನ್ನು ಬಿಡಿಸಲು ಈಗ ಕ್ರೊಮ್ಯಾಟೋಗ್ರಫಿ ಯಂತ್ರಗಳಿವೆ. ಹೈನ್ಟ್ಸ್‌ಗೆ ಬಹಳ ಶ್ರಮ ಕೊಟ್ಟ ಆ ಎರಡು ಆಮ್ಲಗಳನ್ನು ಅಂತಹ ಯಂತ್ರ ಕೆಲವು ನಿಮಿಷಗಳಲ್ಲಿ ಬೇರೆ ಬೇರೆ ತೋರಿಸುತ್ತದೆ.

ಷೆವ್ರೋಲ್ ತಮ್ಮ ಸಂಶೋಧನೆಯನ್ನು ವ್ಯಾಪಾರಕ್ಕೂ ತರಲು ನೋಡಿದರು. ಆಗ ಬಡವರ ಮನೆಯಲ್ಲಿ ಉರಿಯುತ್ತಿದ್ದುದು ದನ ಕುರಿಗಳ ಕೊಬ್ಬಿನ ಮೇಣದಬತ್ತಿ. ಹೊಗೆ, ನಾತ, ಬಿಸಿಗೆ ಮೆತ್ತಗಾಗಿ ಬಾಗುವ ಗುಣ. ಜೇನುಮೇಣದ ಬತ್ತಿ ಚೆನ್ನ, ಆದರೆ ಬೆಲೆ ಕೈಗೆಟುಕದು. ಸ್ಟಿಯರಿಕ್ ಆಮ್ಲದಿಂದ ಬತ್ತಿ ಮಾಡಿದರೆ ಗಟ್ಟಿಯಾಗಿ, ಬೆಳ್ಳಗೆ, ಹೊಗೆಯಿಲ್ಲದೆ ಉರಿಯುತ್ತದೆ. 1825ರಲ್ಲಿ ಗೇ ಲುಸಾಕ್ ಎಂಬ ವಿಜ್ಞಾನಿಯೊಂದಿಗೆ ಸೇರಿ ಇದಕ್ಕೆ ಪೇಟೆಂಟ್ ಪಡೆದರು. ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಮುಂದೆ 1830ರ ದಶಕದಲ್ಲಿ ದ ಮಿಯಿ ಎಂಬವರು ಸೋಡಾದ ಬದಲು ಅಗ್ಗದ ಸುಣ್ಣ ಬಳಸಿ, ಬತ್ತಿಯ ದಾರವನ್ನೂ ಸುಧಾರಿಸಿದ ಮೇಲೆ ಆ ಮೇಣದಬತ್ತಿಗಳು ಮನೆಮನೆಗೆ ತಲುಪಿದವು.

1824ರಲ್ಲೇ ಅವರನ್ನು ಪ್ಯಾರಿಸ್ಸಿನ ಗೋಬ್ಲೆನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥರನ್ನಾಗಿ ನೇಮಿಸಲಾಗಿತ್ತು. ಅಲ್ಲಿ ಕಪ್ಪು ಬಣ್ಣ ಸರಿಯಿಲ್ಲ, ಮಂಕಾಗಿ ಕಾಣುತ್ತದೆ ಎಂಬ ದೂರು ಇತ್ತು. ಷೆವ್ರೋಲ್ ನೂಲನ್ನು ಪರೀಕ್ಷಿಸಿದರು, ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೀಲಿ, ನೇರಳೆ ನೂಲು ಇದ್ದಾಗ ಮಾತ್ರ ಕಪ್ಪು ಮಂಕಾಗಿ ಕಾಣುತ್ತಿತ್ತು. ದೋಷ ಇದ್ದದ್ದು ನಮ್ಮ ಕಣ್ಣು ನೋಡುವ ರೀತಿಯಲ್ಲಿ! ಈ ಕುರಿತು 1839ರಲ್ಲಿ ಅವರು ಬರೆದ ಪುಸ್ತಕವನ್ನು ಚಿತ್ರಕಾರರು ಹುಡುಕಿಕೊಂಡು ಓದಿದರು. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳುತ್ತೇನೆ.

ಗುರು ವೋಕ್ಲೆನ್ ತೀರಿಕೊಂಡ ಮೇಲೆ 1830ರಲ್ಲಿ ಷೆವ್ರೋಲ್ ಸಂಗ್ರಹಾಲಯದಲ್ಲಿ ಅವರ ಸ್ಥಾನಕ್ಕೆ ಬಂದರು. 1857ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ನೀಡಿತು. 1864ರಿಂದ 1879ರವರೆಗೆ ಇಡೀ ಸಂಗ್ರಹಾಲಯದ ನಿರ್ದೇಶಕರಾಗಿದ್ದರು. ನಡುವೆ 1870ರಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್ಸನ್ನು ಮುತ್ತಿತು. ಎಂಬತ್ತನಾಲ್ಕರ ಷೆವ್ರೋಲ್ ಊರು ಬಿಡಲಿಲ್ಲ. 1871ರ ಜನವರಿಯಲ್ಲಿ ಸಂಗ್ರಹಾಲಯದ ಮೇಲೆ ಗುಂಡುಗಳು ಬಿದ್ದಾಗ, ವಿದ್ಯೆಯ ಮನೆಯ ಮೇಲೆ ಗುಂಡು ಹಾರಿಸಿದ್ದನ್ನು ಖಂಡಿಸಿ ಬರೆದು ಪ್ರಕಟಿಸಿದರು.

ನಿರ್ದೇಶಕ ಹುದ್ದೆ ಬಿಟ್ಟರೂ ಕೆಲಸ ಬಿಡಲಿಲ್ಲ. ತಮ್ಮನ್ನು ಫ್ರಾನ್ಸಿನ ಅತಿ ಹಿರಿಯ ವಿದ್ಯಾರ್ಥಿ ಎಂದು ಕರೆದುಕೊಳ್ಳುತ್ತಿದ್ದರು. ತಂದೆ ತಾಯಿಯ ದೀರ್ಘಾಯುಷ್ಯವನ್ನೂ ಅವರು ಮೀರಿಸಿದರು. 1886ರಲ್ಲಿ ನೂರು ವರ್ಷ ತುಂಬಿದಾಗ ಪ್ಯಾರಿಸ್ ನಗರವೇ ಹಬ್ಬ ಆಚರಿಸಿತು. ಆಗ ನಾದಾರ್ ಎಂಬ ಛಾಯಾಗ್ರಾಹಕರು ಅವರೊಡನೆ ಮಾತಾಡುತ್ತಿರುವಾಗಲೇ ನಾದಾರರ ಮಗ ಪೋಲ್ ಒಂದರ ಹಿಂದೊಂದು ಚಿತ್ರ ತೆಗೆದರು. ಬಿಳಿಕೂದಲು ಕೆದರಿದ, ಕೈ ಎತ್ತಿ ಏನನ್ನೋ ವಿವರಿಸುತ್ತಿರುವ ಮುದುಕ. ಚಿತ್ರಗಳೊಂದಿಗೆ ಪತ್ರಿಕೆಯಲ್ಲಿ ಬಂದ ಮೊದಲ ಸಂದರ್ಶನ ಎಂದು ಅದನ್ನು ಹೇಳುತ್ತಾರೆ.

1889ರ ಮಾರ್ಚ್ 31ರಂದು ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರದ ಉದ್ಘಾಟನೆಯಾಯಿತು. ಒಂಬತ್ತು ದಿನಗಳ ನಂತರ, ಏಪ್ರಿಲ್ 9ರಂದು, ಷೆವ್ರೋಲ್ ತೀರಿಕೊಂಡರು. ಆಗ ಅವರಿಗೆ 102 ವರ್ಷ. ಆ ಗೋಪುರದ ಮೊದಲ ಅಂತಸ್ತಿನ ಕೆಳಗೆ ಸುತ್ತಲೂ ಫ್ರಾನ್ಸಿನ 72 ವಿಜ್ಞಾನಿಗಳ, ಎಂಜಿನಿಯರುಗಳ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಲಾಗಿದೆ. ಅವುಗಳಲ್ಲಿ ಷೆವ್ರೋಲ್ ಅವರದೂ ಒಂದು.